ನೆರಳಿಗೆ ವಂದರಿ ಹಿಡಿಯುತ್ತಿದ್ದವರು

ನಾನು ನಿಂತಿದ್ದದ್ದು ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದ ವೇದಿಕೆಯ ಮೇಲೆ, ಧಾರೆಮಂಟಪದ ಎಡಗಡೆ ಬಾಳೆಕಂಬದ ಪಕ್ಕ, ಒಂದು ಮರದ ಸ್ಟೂಲಿನ ಮೇಲೆ. ನನ್ನ ಬಲ ಮೊಣಕೈ ಬಾಳೆ ಎಲೆಗೆ ತಾಗುತ್ತಿತ್ತು. ಏಳು ವರ್ಷದ ಹಿಂದಿನ ವೈಶಾಖ, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಅದು ಕ್ಯಾಮೆರಾ ಬರೆದುಕೊಂಡ ವೇಳೆ. ಆ ಕ್ಯಾಮೆರಾದ ಗಡಿಯಾರ ಎರಡು ನಿಮಿಷ ಮುಂದಿತ್ತು, ಆದ್ದರಿಂದ ಹತ್ತು ನಲವತ್ತು ಎನ್ನುವುದೇ ಸರಿ.

ಅಲ್ಲಿಂದ ನನಗೆ ಕಂಡದ್ದು ಇಷ್ಟು: ಹುಡುಗ, ಹುಡುಗಿ, ಇಬ್ಬರ ಕೈಗಳ ನಡುವೆ ತೆಂಗಿನಕಾಯಿ, ಅದರ ಮೇಲೆ ಹಾಲು ಎರೆಯುತ್ತಿದ್ದ ಹುಡುಗಿಯ ದೊಡ್ಡಪ್ಪ, ದೊಡ್ಡಮ್ಮ. ಅವರ ಹಿಂದೆ ಹನ್ನೆರಡು ಅಡಿ ದೂರದಲ್ಲಿ, ಬಲಕ್ಕೆ, ಸಾಮಾನಿನ ಕೋಣೆಯ ಬಾಗಿಲು. ಅದು ಅರ್ಧ ತೆರೆದಿತ್ತು. ಫ್ಲಾಶಿನ ಬೆಳಕು ಅಲ್ಲಿಯವರೆಗೆ ಹೋಗುವುದಿಲ್ಲವಾದ್ದರಿಂದ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಆ ಬಾಗಿಲು ಬರೀ ಕಪ್ಪಾಗಿತ್ತು. ಅದರೊಳಗೆ ಯಾರು ನಿಂತಿದ್ದರೆಂದು ನಾನು ನೋಡಲಿಲ್ಲ. ಎರಡು ತಿಂಗಳ ಮೇಲೆ ಹಾಸನದ ನಮ್ಮ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ ಕೂತು ನೋಡಿದವರು ಬೇರೊಬ್ಬರು. ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಸಾವಿರಾರು ಆಲ್ಬಂ ತಿದ್ದಿದರೂ ಒಂದರ ಮೇಲೂ ಅವರ ಹೆಸರಿರಲಿಲ್ಲ.

ಅವರ ಊರು ಅರಕಲಗೂಡಿನಾಚೆ, ರುದ್ರಪಟ್ಟಣಕ್ಕೆ ಹೋಗುವ ದಾರಿಯಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾನು ಹೊರಗಡೆ ಫೋಟೋ ತೆಗೆಯುವವನು, ಅವರು ಒಳಗಡೆ ಕೂತು ತಿದ್ದುವವರು. ಹದಿನಾಲ್ಕು ವರ್ಷ ಹೀಗೆ ನಡೆಯಿತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದದ್ದು "ಲೇ ಕ್ಯಾಮ್ರಾ" ಎಂದು.

ಎಳೆ ವಯಸ್ಸಿನಲ್ಲಿ ಫಿಲ್ಮಿನ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಮುಖದ ಕಲೆ ತೆಗೆಯುವುದನ್ನು ಕಲಿತಿದ್ದರಂತೆ. ಕಂಪ್ಯೂಟರ್ ಬಂದ ಮೇಲೂ ಕೆಲಸಕ್ಕೆ ಕೂರುವ ಮುಂಚೆ ಸೋಪು ಹಾಕಿ ಕೈ ತೊಳೆಯುವುದನ್ನು ಬಿಡಲಿಲ್ಲ. ಚಿತ್ರ ತೆರೆದ ಕೂಡಲೇ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಕಣ್ಣು ಕಿರಿದು ಮಾಡಿಕೊಂಡು, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಒಂದು ನಿಮಿಷ ಸುಮ್ಮನೆ ನೋಡುತ್ತಿದ್ದರು. ಒಮ್ಮೆ ನಾನು ಕೇಳಿದೆ, ಕನ್ನಡಕ ತೆಗೆದು ಏನು ನೋಡುತ್ತೀರಿ ಎಂದು.

"ಕನ್ನಡಕ ಇದ್ರೆ ಮೂಗು ಬಾಯಿ ಕಾಣ್ತವೆ ಕಣ್ಲಾ. ತೆಗುದ್ರೆ ಬೆಳಕು ಕಾಣ್ತದೆ" ಎಂದರು.

ಚಿತ್ರದ ಬೆಳಕನ್ನೇ ಅಳತೆಗೆ ಇಟ್ಟುಕೊಂಡು ತಿದ್ದುವ ಒಂದು ಕ್ರಮವಿದೆ. ಅದಕ್ಕೆ ಮಾಸ್ಕ್ ಎನ್ನುತ್ತೇವೆ. ಚಿತ್ರದ ಮೇಲೆ ಹೊದಿಸುವ ಒಂದು ಮುಸುಕು; ಚಿತ್ರದಲ್ಲಿ ಎಲ್ಲಿ ಎಷ್ಟು ಬೆಳಕಿದೆಯೋ ಅದರಿಂದಲೇ ಈ ಮುಸುಕು ತಯಾರಾಗುತ್ತದೆ. ಮುಸುಕು ಬಿಳಿ ಇರುವಲ್ಲಿ ನಮ್ಮ ಕೆಲಸ ತಾಗುತ್ತದೆ, ಕಪ್ಪಿರುವಲ್ಲಿ ತಾಗುವುದಿಲ್ಲ, ಬೂದು ಇರುವಲ್ಲಿ ಅಷ್ಟಿಷ್ಟು. ಅದನ್ನೇ ತಿರುಗಿಸಿ ಹಾಕಿದರೆ ನೆರಳಿನ ಭಾಗ ಮಾತ್ರ ಕೈಗೆ ಸಿಗುತ್ತದೆ. ಗೆರೆ ಎಳೆದು ಕತ್ತರಿಸುವ ಗೋಜಿಲ್ಲದ್ದರಿಂದ ಎಲ್ಲಿ ತಿದ್ದಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅವರು ಇದಕ್ಕೆ ಇಟ್ಟ ಹೆಸರು ವಂದರಿ, ಹಿಟ್ಟಿನ ಜರಡಿ.

"ರಾಗಿ ಹಿಟ್ನ ಬೆರಳಲ್ಲಿ ಆರ್ಸಕ್ಕಾಯ್ತದೇನ್ಲಾ? ವಂದರಿ ಹಿಡೀಬೇಕು. ಕೆಳಕ್ಕೆ ಬೀಳೋದು ಯಾವ್ದು, ಮೇಲೆ ಉಳಿಯೋದು ಯಾವ್ದು ಅಂತ ಹಿಟ್ಟೇ ಹೇಳ್ತದೆ" ಎನ್ನುತ್ತಿದ್ದರು. ಕಂಪ್ಯೂಟರಿನಲ್ಲಿ ಉಳಿಸಿಟ್ಟ ಮಾಸ್ಕುಗಳಿಗೆ ದಪ್ಪ ವಂದರಿ, ಸಣ್ಣ ವಂದರಿ, ಬಟ್ಟೆ ವಂದರಿ ಎಂದು ಹೆಸರಿದ್ದವು.

ಹಿರೀಸಾವೆಯಲ್ಲಿ ಹೋಟೆಲ್ ಇಟ್ಟಿದ್ದ ಒಬ್ಬರು ಮಗನ ಫೋಟೋ ಹಿಡಿದು ಬಂದಿದ್ದರು. ಹೆಣ್ಣಿನ ಕಡೆಯವರಿಗೆ ಕಳಿಸುವುದಕ್ಕೆ.

"ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಸಾ, ಬಿಸಿಲಲ್ಲಿ ಓಡಾಡಿ ಅಂಗಾಗವ್ನೆ" ಎಂದರು.

"ಎಷ್ಟು ಬೆಳ್ಳಗೆ ಮಾಡ್ಲಿ ಯಜಮಾನ್ರೆ? ಹಲ್ಲಷ್ಟು ಮಾಡ್ಬುಟ್ರೆ ಆಮೇಲೆ ಹಲ್ಲು ಎಲ್ಲಿ ಉಡುಕ್ತೀರಿ?"

ಮಗ ಜೋರಾಗಿ ನಕ್ಕ. ಆ ನಗುವನ್ನೇ ನನ್ನ ಕೈಲಿ ತೆಗೆಸಿದರು. ಆಮೇಲೆ ಕನ್ನಡಕ ತೆಗೆದು, ಹುಬ್ಬಿನ ಕೆಳಗಿನ ನೆರಳನ್ನು ಮಾತ್ರ ಒಂದಿಷ್ಟು ಎತ್ತಿದರು. ಹುಡುಗ ಇದ್ದ ಬಣ್ಣದಲ್ಲೇ ಇದ್ದ, ಆದರೆ ಕಣ್ಣು ಬಂದವು. ತಂದೆ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು, "ಇವ್ನು ಇಂಗವ್ನಾ!" ಎಂದರು.

"ಇದ್ದಂಗೇ ಅವ್ನೆ. ನೀವು ನೋಡಿರ್ನಿಲ್ಲ."

ಇಂಥದ್ದನ್ನು ನಾನು ಬಹಳ ಸಲ ಕಂಡಿದ್ದೇನೆ. ಮದುವೆ ಚಿತ್ರಗಳಲ್ಲಿ ಹಿಂದೆ ಕತ್ತಲಲ್ಲಿ ಕಳೆದುಹೋದವರನ್ನು ಅವರು ಒಬ್ಬೊಬ್ಬರನ್ನಾಗಿ ಎತ್ತುತ್ತಿದ್ದರು: ಕಂಬಕ್ಕೆ ಒರಗಿ ನಿದ್ದೆ ಹೋದ ಅಜ್ಜ, ಪೆಂಡಾಲಿನ ಮರೆಯಲ್ಲಿ ಮಗುವಿಗೆ ತುತ್ತಿಡುತ್ತಿದ್ದ ಅತ್ತಿಗೆ. ಆಲ್ಬಂ ತೆರೆದ ಮನೆಯವರು ಅಯ್ಯೋ ಇವ್ರು ಇಲ್ಲೇ ಅವ್ರಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಮಾಡಿದ ತಪ್ಪಿನ ಬೇರು ಈ ಸಂತೋಷದಲ್ಲೇ ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಚನ್ನರಾಯಪಟ್ಟಣದ ಆ ಮದುವೆಯಲ್ಲಿ ಹುಡುಗಿಯ ಮನೆಯವರು ಹಿರೀಸಾವೆ ಕಡೆಯ ಬೇಸಾಯದ ಕುಟುಂಬ. ತಂದೆ ಇರಲಿಲ್ಲ. ದೊಡ್ಡಪ್ಪನೇ ಯಜಮಾನ. ಗಂಡಿನ ಮನೆ ಹೊಳೆನರಸೀಪುರ. ಗಂಡ ತೀರಿಕೊಂಡ ತಾಯಿ ಧಾರೆಯ ಹೊತ್ತಿನಲ್ಲಿ ಎದುರಿಗಿರಬಾರದು ಎಂಬ ಕಟ್ಟಳೆ ಕೆಲವು ಮನೆಗಳಲ್ಲಿ ಈಗಲೂ ಇದೆ. ಈ ಮನೆಯಲ್ಲೂ ಇತ್ತು. ಊಟದ ಮನೆಯಲ್ಲಿರಬೇಕೆಂದು ಆ ತಾಯಿಗೆ ಹೇಳಿದ್ದರು. ಬೆಳಿಗ್ಗೆ ಏಳು ಗಂಟೆಗೆ ನಮಗೆ ಕಾಫಿ ಕೊಟ್ಟವರು ಅವರೇ. "ನನ್ ಮಗೀನ ಚೆನ್ನಾಗಿ ತೆಗೀರಪ್ಪ" ಎಂದಿದ್ದರು.

ಆಲ್ಬಮ್ಮಿಗೆ ಚಿತ್ರ ಆರಿಸುವುದು ಮನೆಯವರು. ದೊಡ್ಡಪ್ಪ ಬಂದು ಅಂಚೆ ಚೀಟಿಯಷ್ಟು ಚಿತ್ರಗಳಲ್ಲಿ ತಮಗೆ ಬೇಕಾದವಕ್ಕೆ ಗುರುತು ಹಾಕಿ ಹೋಗಿದ್ದರು. ಧಾರೆಯ ಮೂರು ಚಿತ್ರ ಅದರಲ್ಲಿದ್ದವು. ಒಂದು ಮಧ್ಯಾಹ್ನ ಅಣ್ಣ ಒಳಗಿನಿಂದ ಕೂಗಿದರು.

"ಲೇ ಕ್ಯಾಮ್ರಾ, ಬಾ ಇಲ್ಲಿ. ಈ ಉಡುಗಿ ಎಲ್ ನೋಡ್ತಾ ಅವ್ಳೆ?"

ಮೂರು ಚಿತ್ರದಲ್ಲೂ ಹುಡುಗಿಯ ತಲೆ ಬಗ್ಗಿತ್ತು, ಕಣ್ಣು ಮಾತ್ರ ಓರೆಯಾಗಿ ಬಲಕ್ಕಿತ್ತು. ಪುರೋಹಿತರ ಕಡೆಗಿರಬೇಕು ಎಂದೆ.

"ಪುರೋಹಿತ್ರು ಎಡಕ್ಕವ್ರಲ್ಲೋ" ಎಂದು ನೆರಳಿಗೆ ಸಣ್ಣ ವಂದರಿ ಹಾಕಿ ಬಾಗಿಲಿನ ಕಪ್ಪನ್ನು ಎತ್ತತೊಡಗಿದರು. ಮೊದಲು ಬಾಗಿಲ ಚೌಕಟ್ಟು ಬಂತು. ಆಮೇಲೆ ಒಳಗಿನ ಗವಾಕ್ಷಿಯಿಂದ ಬಿದ್ದ ಒಂದಿಷ್ಟು ಬೆಳಕು, ಬೆಳಕಿನಲ್ಲಿ ಒಂದು ಭುಜ, ಬಾಯಿಗೆ ಒತ್ತಿ ಹಿಡಿದ ಸೆರಗು, ಕಣ್ಣು. ಬಲಗೈ ಮುಷ್ಟಿ ಕಟ್ಟಿತ್ತು. ದೊಡ್ಡದು ಮಾಡಿ ನೋಡಿದರು. ಬೆರಳ ಸಂದಿಯಲ್ಲಿ ಅರಿಸಿನದ ನಾಲ್ಕೈದು ಅಕ್ಕಿಕಾಳು.

"ಅವ್ರಮ್ಮ" ಎಂದೆ.

ಅವರು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿ ನೋಡಿದರು. ಆಮೇಲೆ, "ಇದು ಎರಡು ಪುಟಕ್ಕೂ ಸೇರಿ ಒಂದೇ ಚಿತ್ರ ಬರ್ಬೇಕು" ಎಂದರು.

"ಮನೆಯೋರ್ನ ಒಂದು ಮಾತು ಕೇಳಾನ ಅಣ್ಣ."

"ಕೇಳುದ್ರೆ ಬ್ಯಾಡ ಅಂತಾರೆ. ತೋರ್ಸುದ್ರೆ ಅಳ್ತಾರೆ. ಎಷ್ಟು ಸಲ ನೋಡಿಲ್ಲ ನಾವು?"

ನಾನು ಫೋನು ಮಾಡಬಹುದಿತ್ತು. ನಂಬರು ನನ್ನ ಹತ್ತಿರ ಇತ್ತು. ಮಾಡಲಿಲ್ಲ.

ಆಲ್ಬಂ ಸಿದ್ಧವಾಗುವಾಗ ಮದುವೆಯಾಗಿ ನಾಲ್ಕನೇ ತಿಂಗಳು. ದೊಡ್ಡಪ್ಪ ಅದನ್ನು ಹೊಳೆನರಸೀಪುರಕ್ಕೆ ಕೊಂಡೊಯ್ಯುವಾಗ ನಾನೂ ಹೋದೆ, ಫೋಟೋಗೆ ಕಟ್ಟು ಹಾಕಿಸುವುದು ಮಾತಾಡಬೇಕಿತ್ತು. ಎಂದೂ ಸ್ಟುಡಿಯೋ ಬಿಟ್ಟು ಬಾರದ ಅವರು ಅಂದು ತಾವೂ ಬರುತ್ತೇನೆಂದರು. ಆ ಪುಟ ತೆರೆಯುವಾಗ ಮನೆಯವರ ಮುಖ ನೋಡಬೇಕೆಂಬ ಆಸೆ. ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಅಲ್ಲಿಗೆ ಹೋದ ಮೇಲೆ ತಿಳಿಯಿತು, ಒಂಬತ್ತು ದಿನದ ಹಿಂದೆ ಹುಡುಗಿಗೆ ಗರ್ಭ ಇಳಿದುಹೋಗಿತ್ತು. ಮೂರು ತಿಂಗಳಾಗಿತ್ತಂತೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಆಲ್ಬಂ ಅತ್ತೆಯ ತೊಡೆಯ ಮೇಲಿತ್ತು. ಗಂಡ ಕುರ್ಚಿಯ ಹಿಂದೆ ನಿಂತಿದ್ದ. ನಾವಿಬ್ಬರೂ ಬಾಗಿಲಿನ ಹತ್ತಿರದ ಬೆಂಚಿನ ಮೇಲಿದ್ದೆವು. ಅತ್ತೆ ಒಂದೊಂದೇ ಪುಟ ತಿರುವಿ, "ನೋಡು, ಎಷ್ಟು ಲಕ್ಷಣವಾಗಿ ಬಂದದೆ" ಎನ್ನುತ್ತಿದ್ದರು. ಒಳ್ಳೆಯ ಹೆಂಗಸು, ಸೊಸೆಯ ಮನಸ್ಸು ಬೇರೆ ಕಡೆಗೆ ತಿರುಗಲಿ ಎಂದೇ ಆ ಆಲ್ಬಂ ಬೇಗ ತರಿಸಿದ್ದರು. ಧಾರೆಯ ಪುಟಕ್ಕೆ ಬಂದು ಅವರ ಬೆರಳು ನಿಂತಿತು.

"ಇದ್ಯಾರು ಬಾಗ್ಲಾಗೆ?"

ದೊಡ್ಡಪ್ಪ ಎದ್ದು ಬಂದು ಬಗ್ಗಿ ನೋಡಿದರು. ಅವರ ಕಿವಿ ಕೆಂಪಾಯಿತು.

"ಊಟದ ಮನೆಲಿರು ಅಂತ ನಾನೇ ಕೂರ್ಸಿ ಬಂದಿದ್ನಲ್ಲ" ಎಂದರು.

"ಅಂದ್ರೆ ಇಡೀ ಧಾರೆ ನೋಡ್ಕಂಡು ನಿಂತಿತ್ತು. ಕೈಲಿ ಅಕ್ಷತೆ ಬೇರೆ" ಎಂದು ಅತ್ತೆ ಸೊಸೆಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತೇನೆ?"

ಹುಡುಗಿ, "ಇಲ್ಲ ಅತ್ತೆ" ಎಂದಳು. ಅಷ್ಟು ಮೆಲ್ಲಗೆ ಹೇಳಿದ ಮಾತನ್ನು ಬಾಗಿಲ ಹತ್ತಿರ ಕೂತವರೂ ಕೇಳಿದೆವು.

"ನಾನು ಹತ್ತು ದಿನದಿಂದ ಯಾಕಪ್ಪ ಇಂಗಾಯ್ತು, ನಾವೇನು ತಪ್ಪು ಮಾಡಿದ್ವಿ ಅಂತ ಕೇಳ್ಕತಾ ಇದ್ದೆ" ಎಂದು ಅತ್ತೆ ಆಲ್ಬಂ ಮುಚ್ಚಿದರು. ಅವರು ಕೂಗಾಡಲಿಲ್ಲ. ಉತ್ತರ ಸಿಕ್ಕವರ ಹಾಗೆ ನಿಟ್ಟುಸಿರು ಬಿಟ್ಟರು. ಇನ್ನು ಆಯಮ್ಮ ಈ ಮನೆ ಹೊಸ್ತಿಲು ತುಳಿಯಬಾರದು ಎಂದು ಸಾವಕಾಶವಾಗಿಯೇ ಹೇಳಿದರು. ದೊಡ್ಡಪ್ಪ ತಲೆಯಾಡಿಸಿದರು. ಗಂಡ ಕಿಟಕಿಯ ಕಡೆ ನೋಡುತ್ತಿದ್ದ.

ನನ್ನ ಪಕ್ಕದಲ್ಲಿದ್ದವರು ಎದ್ದು ನಿಂತು, "ತಾಯಿ, ಕತ್ತಲೇಲಿ ಯಾರಿಗೂ ಕಾಣ್ತಿರ್ನಿಲ್ಲ. ನಾನೇ ಎತ್ತಿ ತೋರ್ಸಿವ್ನಿ. ತಪ್ಪು ನಂದು" ಎಂದರು.

"ನೀವು ಇದ್ದದ್ದ ತೋರ್ಸಿದ್ರಿ ಬಿಡಿ ಸ್ವಾಮಿ. ಇಲ್ಲದ್ದ ತೋರ್ಸಿಲ್ವಲ್ಲ" ಎಂದರು ಅತ್ತೆ. ಮೂವತ್ತು ವರ್ಷ ಅಣ್ಣ ತಮ್ಮ ಕೆಲಸದ ಬಗ್ಗೆ ಹೇಳಿಕೊಂಡು ಬಂದ ಮಾತೇ ಅದು.

ಹಾಸನದಲ್ಲಿ ಬಸ್ಸಿನಿಂದ ಇಳಿಯುವಾಗ ಅಣ್ಣ, "ಆಯಮ್ಮ ಬಚ್ಚಿಟ್ಕಂಡಿತ್ತು ಕಣ್ಲಾ. ನಾನು ಕೈ ಹಿಡ್ದು ಎಳ್ಕಂಡು ಬಂದ್ಬುಟ್ಟೆ" ಎಂದರು.

ಆ ಪುಟ ಬದಲಾಯಿಸಿಕೊಡಬೇಕೆಂದು ದೊಡ್ಡಪ್ಪ ಆಲ್ಬಂ ವಾಪಸು ಕಳಿಸಿದರು. ಅದಾದ ವಾರದಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಆ ತಾಯಿಯೇ ಸ್ಟುಡಿಯೋಗೆ ಬಂದರು, ಹಿರೀಸಾವೆಯಿಂದ ಒಬ್ಬರೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನಿಂತರು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಅದು ಇನ್ನೂ ಅದಾ ಇದ್ರಾಗೆ?" ಎಂದು ಕಂಪ್ಯೂಟರ್ ತೋರಿಸಿದರು.

ಅಣ್ಣ ಚಿತ್ರ ತೆರೆದರು. ತಾಯಿ ಹತ್ತಿರ ಬಂದು ನೋಡಿದರು. ಮೊದಲು ಮಗಳನ್ನೇ ನೋಡುತ್ತಿದ್ದರು. ಆಮೇಲೆ ತಮ್ಮನ್ನು.

"ಅಯ್ಯೋ, ಸೆರಗು ನೋಡಪ್ಪ ಎಂಗೆ ಮುದುಡ್ಕಂಡದೆ. ಕೆಲಸ ಮಾಡ್ತಾ ಮಾಡ್ತಾ ಅಂಗೇ ಓಡಿ ಬಂದಿದ್ನಲ್ಲ." ಪರದೆಯ ಮೇಲಿನ ಮುಷ್ಟಿ ತೋರಿಸಿ, "ಅಕ್ಷತೆ ನಾನು ಹಾಕ್ಲಿಲ್ಲ ಕಣಪ್ಪ. ಇಡ್ಕಂಡಿದ್ದೆ ಅಷ್ಟೆ. ಆಮೇಲೆ ತಗಂಡೋಗಿ ಅಕ್ಕಿ ಮೂಟೆಗೇ ಹಾಕ್ಬುಟ್ಟೆ. ಅವ್ರಿಗೆ ಹೇಳಿ, ಹಾಕ್ಲಿಲ್ಲ ಅಂತ."

ಹೇಳುತ್ತೇನೆ ಎಂದರು ಅಣ್ಣ. ಆಮೇಲೆ ಫೋನು ಮಾಡಿ ಹೇಳಿದರು ಕೂಡ. ಅದರಿಂದ ಏನೂ ಆಗಲಿಲ್ಲ.

"ಈಗ ಇದ ಅಳಿಸ್ಬುಡಿ. ಪುಟದಾಗೆ ಮಾತ್ರ ಅಲ್ಲ, ಬುಡದಾಗೂ ಇರ್ಬಾರ್ದು. ಅದು ಎಲ್ಲೂ ಇಲ್ಲ ಅಂತಾದ್ರೆ ನನ್ನ ಮನೆಗೆ ಸೇರ್ಸೋದು ಯೋಚ್ನೆ ಮಾಡ್ತೀವಿ ಅಂತ ಬೀಗ್ರು ಅಂದವ್ರೆ. ಒಂದೇ ಮಗು ನಂಗೆ."

ಕ್ಯಾಮೆರಾ ಮೊದಲು ಬರೆದುಕೊಂಡ ಮೂಲಚಿತ್ರ ಇದ್ದರೆ ಅದರಿಂದ ಮತ್ತೆ ಎಲ್ಲವನ್ನೂ ತೆಗೆಯಬಹುದು. ಮೂಲಚಿತ್ರವನ್ನು ಅವರು ಎಂದೂ ಎಸೆದವರಲ್ಲ. ಹಾಳಾದ ಚಿತ್ರದ ಮೂಲವೂ ಅವರ ಬೀರುವಿನಲ್ಲಿರುತ್ತಿತ್ತು. ಅವರು ತಾಯಿಯ ಕಡೆ ನೋಡಿ, "ನಿಮಗೇ ಒಂದು ಸಣ್ಣ ಕಾಪಿ ಮಾಡ್ಕೊಡ್ಲಾ? ಯಾರಿಗೂ ಹೇಳಲ್ಲ" ಎಂದರು.

ಆಯಮ್ಮ ಯೋಚಿಸಿದರು. ಯೋಚಿಸಿದ್ದು ನನಗೆ ಕಂಡಿತು.

"ಬ್ಯಾಡ ಕಣಪ್ಪ. ಮನೆಲಿ ಎಲ್ಲಿಟ್ಕಳ್ಲಿ? ಬಾವನೋರು ಕಂಡ್ರೆ ಇರೋದೂ ಹೋಯ್ತದೆ."

ಆಯಮ್ಮನ ಎದುರಿಗೇ ಅಣ್ಣ ಮೂರೂ ಚಿತ್ರದ ಬಾಗಿಲಿಗೆ ಕಪ್ಪು ತುಂಬಿದರು. ಮೂಲ ಅಳಿಸಿದರು. ಬೀರುವಿನಿಂದ ಎರಡನೇ ಪ್ರತಿ ಇದ್ದ ಡಿಸ್ಕ್ ತಂದು ಅದರಲ್ಲೂ ಅಳಿಸಿದರು. ಆಲ್ಬಮ್ಮಿನ ಹಳೇ ಪುಟವನ್ನು ಪೇಪರ್ ಕತ್ತರಿಸುವ ಯಂತ್ರಕ್ಕೆ ಕೊಟ್ಟದ್ದು ನಾನು. ಎಲ್ಲಾ ಮುಗಿದ ಮೇಲೆ ತಾಯಿ ಇಬ್ಬರಿಗೂ ಕೈ ಮುಗಿದು, ಮೂರು ಗಂಟೆಯ ಬಸ್ಸಿಗೆ ಹೋದರು.

ಹೊಳೆನರಸೀಪುರದವರು ಯೋಚನೆ ಮಾಡಿದರೋ ಇಲ್ಲವೋ ತಿಳಿಯದು. ಹೊಸ್ತಿಲು ತುಳಿಯಲು ಬಿಡಲಿಲ್ಲ. ಮರುವರ್ಷ ಹುಡುಗಿಗೆ ಗಂಡುಮಗು ಆಯಿತು. ತಾಯಿಯನ್ನು ದೂರ ಇಟ್ಟದ್ದರಿಂದಲೇ ಆಯಿತು ಎಂದು ಅವರ ನಂಬಿಕೆ ಇನ್ನೂ ಗಟ್ಟಿಯಾಯಿತು. ಬಾಣಂತನ ಮಾಡಿದ್ದು ದೊಡ್ಡಮ್ಮ. ಮೊಮ್ಮಗನನ್ನು ಆಯಮ್ಮ ಫೋನಿನಲ್ಲಿ ನೋಡಿದರಂತೆ.

ಆಮೇಲಿನ ವರ್ಷಗಳಲ್ಲಿ ಅಣ್ಣ ನೆರಳು ಎತ್ತಲಿಲ್ಲ. ಸ್ಟುಡಿಯೋದ ಮಾಲೀಕರು ಕೇಳಿದರೆ, "ಮನೆಯೋರು ಬರ್ದುಕೊಟ್ರೆ ಎತ್ತುತೀನಿ" ಎನ್ನುತ್ತಿದ್ದರು. ಪಾಸ್‌ಪೋರ್ಟ್ ಫೋಟೋ, ಶಾಲೆಯ ಗುರುತಿನ ಚೀಟಿ, ಬಿಳಿ ಗೋಡೆಯ ಮುಂದೆ ಕೂತ ಮುಖಗಳು ಇವಿಷ್ಟನ್ನೇ ಕೇಳಿ ತೆಗೆದುಕೊಂಡರು. ಕನ್ನಡಕ ತೆಗೆಯುವುದೂ ನಿಂತಿತು.

ಹೋದ ವರ್ಷ ಆ ತಾಯಿ ತೀರಿಕೊಂಡರು. ಮಗಳು ಊರಿಗೆ ಹೋಗಿ ಮಣ್ಣು ಮಾಡಿ ಬಂದು, ಹದಿನೈದು ದಿನಕ್ಕೆ ನಮ್ಮಲ್ಲಿಗೆ ಬಂದಳು. ಮಗನ ಕೈ ಹಿಡಿದುಕೊಂಡಿದ್ದಳು.

"ಸಾ, ನಮ್ಮಮ್ಮ ನಾನು ಜೊತೆಗಿರೋ ಫೋಟೋ ಒಂದೂ ಇಲ್ಲ. ಅವತ್ತಿಂದು ಅದೆಯಲ್ಲ, ಧಾರೇದು. ಅದ್ನ ಕೊಡಿ. ಈಗ ಯಾರು ಏನಂದ್ರೂ ಪರ್ವಾಗಿಲ್ಲ."

ಅಣ್ಣ ನನ್ನನ್ನು ನೋಡಿದರು. ನಾನು ಹೇಳಲಿ ಎಂದು ಕಾದರು. ನಾನು ಹೇಳಲಿಲ್ಲ. ಅವರೇ ಹೇಳಿದರು: ಇಲ್ಲ, ನಿಮ್ಮಮ್ಮನ ಎದುರಿಗೇ ಅಳಿಸಿದೆ, ಅವರೇ ಕೇಳಿದ್ದರು, ನಿಮ್ಮ ಮನೆಗೆ ಬರುವುದಕ್ಕೋಸ್ಕರ.

ಹುಡುಗಿ ಅಳಲಿಲ್ಲ. "ಅಳಿಸಿದ್ನ ವಾಪಸು ತರ್ತಾರಂತಲ್ಲ?" ಎಂದಳು.

ಅಣ್ಣ ನಾಲ್ಕು ದಿನ ಪ್ರಯತ್ನಪಟ್ಟರು. ಡಿಸ್ಕುಗಳನ್ನು ಬೇರೊಬ್ಬರ ಹತ್ತಿರ ಕೊಂಡೊಯ್ದರು. ಅದೇ ಜಾಗದಲ್ಲಿ ಆರು ವರ್ಷದ ಬೇರೆ ಮದುವೆಗಳು ಬರೆದುಕೊಂಡು ಹೋಗಿದ್ದವು. ಕೊನೆಗೆ ಕಪ್ಪು ತುಂಬಿದ ಚಿತ್ರವನ್ನೇ ತೆರೆದು, ಕನ್ನಡಕ ತೆಗೆದು, ಆ ಬಾಗಿಲಿಗೆ ವಂದರಿ ಹಿಡಿದರು. ದಪ್ಪದ್ದು, ಸಣ್ಣದ್ದು, ಬಟ್ಟೆಯದ್ದು. ನಾನು ಹಿಂದೆ ನಿಂತಿದ್ದೆ. ತಾವೇ ತುಂಬಿದ ಕಪ್ಪಿನಲ್ಲಿ ಹೆಚ್ಚು ಕಡಿಮೆ ಎಂಬುದೇ ಇರಲಿಲ್ಲ, ಎಷ್ಟು ಎತ್ತಿದರೂ ಒಂದೇ ಸಮನೆ ಬೂದು ಬರುತ್ತಿತ್ತು.

ಪಕ್ಕದ ಅಂಗಡಿಯವರು ಈಗಿನ ಹೊಸ ವಿದ್ಯೆಯಲ್ಲಿ ಬೇರೆ ಫೋಟೋದಿಂದ ಮುಖ ತೆಗೆದು ಬಾಗಿಲಲ್ಲಿ ನಿಲ್ಲಿಸಿಬಿಡಬಹುದು, ಐದು ನಿಮಿಷದ ಕೆಲಸ ಎಂದರು.

"ನಿಲ್ಲಿಸ್ಬೋದು. ಅದು ಅಲ್ಲಿ ನಿಂತಿದ್ದಂಗೆ ಆಯ್ತದಾ?" ಎಂದು ಅಣ್ಣ ಕೇಳಿದರು. ಪಕ್ಕದವರು ನಕ್ಕು ಹೋದರು. ಹುಡುಗಿಗೂ ಅದನ್ನು ಹೇಳಿ ನೋಡಿದೆವು. ಬೇಡ ಎಂದಳು.

ಅದಾದ ಮೇಲೆ ಅವರು ಕೆಲಸಕ್ಕೆ ಬಂದದ್ದು ಎಣಿಸಿದಷ್ಟು ದಿನ. ಎದೆನೋವು ಎನ್ನುತ್ತಿದ್ದರು. ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಕೂತವರು ಏಳಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿದ್ದರು.

ಆ ಚಿತ್ರ ಈಗ ಎಲ್ಲೂ ಇಲ್ಲವಾದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ. ಅದನ್ನು ನೋಡಿ ಇನ್ನೂ ಬದುಕಿರುವವರು ಐದು ಜನ. ಹುಡುಗಿಯ ದೊಡ್ಡಪ್ಪ, ಹಿರೀಸಾವೆಯ ಹತ್ತಿರದ ಊರಿನಲ್ಲಿ, ನೆನಪಿಲ್ಲ ಎನ್ನುತ್ತಾರೆ. ಅತ್ತೆ, ಹೊಳೆನರಸೀಪುರದಲ್ಲಿ, ಕೇಳಿದರೆ ಸೆರಗಿನ ಮಡಿಕೆ ಕೂಡ ಹೇಳಬಲ್ಲರು, ಆದರೆ ಕೇಳುವವರಿಲ್ಲ. ಗಂಡ, ಅದೇ ಮನೆಯಲ್ಲಿ. ಅವನು ಬಗ್ಗಿ ಒಮ್ಮೆ ನೋಡಿ ಕಿಟಕಿಗೆ ತಿರುಗಿದ್ದ. ನಾನು, ಹಾಸನದಲ್ಲಿ. ಐದನೆಯವಳು ಮಗಳು. ಆ ಪುಟ ಅವಳ ಕಣ್ಣಿಗೆ ಬಿದ್ದದ್ದು ಅತ್ತೆ ಆಲ್ಬಂ ಮುಚ್ಚುವಷ್ಟು ಹೊತ್ತು ಮಾತ್ರ. ಆ ಬಾಗಿಲಲ್ಲಿ ತಾಯಿ ನಿಂತಿದ್ದಾಗಲೇ ತಾಯಿಯನ್ನು ನೋಡಿದವಳು ನಮ್ಮ ಐದೂ ಜನರಲ್ಲಿ ಅವಳೊಬ್ಬಳೇ. ಅವಳಿಗೆ ಈಗ ಇಪ್ಪತ್ತೊಂಬತ್ತು. ಬದುಕಿದ್ದಾಳೆ.